ಅಜ್ಜೀದಾಯ್ತು, ಅಪ್ಪಂದು ಬಾಕಿ

ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ನಡೆದ ಅನಾಹುತಕ್ಕೆ ಇದೇ ಮೂಲವಾದ್ದರಿಂದ ಮೊದಲೇ ತಿಳಿಸಿಬಿಡುವುದು ನ್ಯಾಯ. ಓದದೇ ಇದ್ದಿದ್ದರೆ, ನಮ್ಮ ಬಚ್ಚಲಮನೆಯ ಬಾಯ್ಲರ್ ಒಂದು ದಿನ ಕುದಿನೀರನ್ನೂ ಮರುದಿನ ಕೆರೆನೀರನ್ನೂ ಕೊಡುವುದನ್ನು ಕಂಡು ಎಲ್ಲರ ಹಾಗೆ ಎರಡು ಬೈದು ಸುಮ್ಮನಾಗುತ್ತಿದ್ದೆ. ಓದಿದ್ದರಿಂದ ಸುಮ್ಮನಿರಲಾಗಲಿಲ್ಲ. ಒಲೆ ಅದೇ, ನೀರು ಅದೇ, ಸೌದೆ ಅದೇ, ಫಲಿತಾಂಶ ಮಾತ್ರ ದಿನಕ್ಕೊಂದು ಎಂದರೆ ಅದರ ಹಿಂದೆ ಒಂದು ಕಾರಣವಿರಲೇಬೇಕು. ಕ್ರಮವಾಗಿ ಹುಡುಕಿದರೆ ಅದು ಸಿಗಲೇಬೇಕು. ವಿಶ್ವವಿದ್ಯಾಲಯಗಳು ಮನುಷ್ಯರಲ್ಲಿ ಇಂಥ ನಂಬಿಕೆಗಳನ್ನು ತುಂಬಿ ಕಳಿಸುತ್ತವೆ.

ನಮ್ಮದು ತಾಮ್ರದ ಬಾಯ್ಲರ್. ಹೊಟ್ಟೆಯೊಳಗೆ ಒಲೆ, ತಲೆಯ ಮೇಲೆ ತಗಡಿನ ಹೊಗೆಕೊಳವೆ, ಒಂದು ಪಕ್ಕಕ್ಕೆ ಲಾಳಿಕೆ, ಇನ್ನೊಂದು ಪಕ್ಕಕ್ಕೆ ಮೂತಿ. ಲಾಳಿಕೆಗೆ ತಣ್ಣೀರು ಹುಯ್ದರೆ ಅದು ಕೆಳಕ್ಕಿಳಿದು, ಮೇಲಿದ್ದ ಬಿಸಿನೀರು ಮೂತಿಯಿಂದ ಬರುತ್ತದೆ. ಹುಯ್ಯದಿದ್ದರೆ ಬರುವುದಿಲ್ಲ. ಇಷ್ಟೇ ಅದರ ವೇದಾಂತ. ಉರಿಸುವುದಕ್ಕಂತೂ ನಮ್ಮಲ್ಲಿ ಬರವಿಲ್ಲ. ಕಿಬ್ಬನಹಳ್ಳಿಯಲ್ಲಿ ಬಸ್ಸಿಳಿದು ನಮ್ಮೂರಿನ ಕಡೆ ತಿರುಗಿದರೆ ಕಣ್ಣಿಗೆ ಬೀಳುವುದರಲ್ಲಿ ಅರ್ಧ ಉರಿಯುವಂಥದ್ದೇ. ತೆಂಗಿನ ಮಟ್ಟೆ, ಚಿಪ್ಪು, ಗರಿ. ಉಳಿದರ್ಧ, ಯಾರ ಮನೆಯಲ್ಲಿ ಎಷ್ಟು ಹೊತ್ತಿಗೆ ಹೊಗೆ ಎದ್ದಿತು ಎಂದು ನೋಡುತ್ತಾ ಕೂತಿರುವ ಜನ.

ಅಕ್ಕ ಆಗ ಬಾಣಂತನಕ್ಕೆ ಬಂದಿದ್ದಳು. ಬಾಣಂತಿಯ ಸ್ನಾನ ನಮ್ಮಲ್ಲಿ ಬರೀ ಸ್ನಾನವಲ್ಲ, ಒಂದು ಕಾರ್ಯಾಚರಣೆ. ಎಣ್ಣೆ ಹಚ್ಚಿ, ಮಣೆಯ ಮೇಲೆ ಕೂರಿಸಿ, ಮೈ ಕೆಂಪಾಗುವಂಥ ನೀರನ್ನು ಬೆನ್ನಿಗೂ ಸೊಂಟಕ್ಕೂ ಒಂದೇ ಸಮನೆ ಹುಯ್ಯಬೇಕು. ಇದರ ಮುಖ್ಯಸ್ಥೆ ನಮ್ಮ ಅಜ್ಜಿ, ಅಪ್ಪನ ತಾಯಿ. ವಯಸ್ಸು ಎಂಬತ್ತು ದಾಟಿದೆ. ಕೈಗೆ ಚೊಂಬು ಬಂದರೆ ನಲವತ್ತಕ್ಕೆ ಇಳಿಯುತ್ತದೆ. ಆದರೂ ಒಂದು ಕೈಯಲ್ಲಿ ಲಾಳಿಕೆಗೆ ತಣ್ಣೀರು, ಇನ್ನೊಂದು ಕೈಯಲ್ಲಿ ಅಕ್ಕನ ಬೆನ್ನಿಗೆ ಬಿಸಿನೀರು ಎಂದರೆ ಅವಳಿಗೂ ಭುಜ ನೋಯುತ್ತಿತ್ತು. ಅದನ್ನು ನೋಡಲಾರದೆ ನಾನು ಮೇಲಿನ ಟ್ಯಾಂಕಿನ ನಲ್ಲಿಯಿಂದ ಲಾಳಿಕೆಯವರೆಗೆ ಒಂದು ಹಸಿರು ಪೈಪು ಎಳೆದುಕೊಟ್ಟೆ. ನಲ್ಲಿ ತಿರುಗಿಸಿದರೆ ಸಾಕು, ತಣ್ಣೀರು ತಾನೇ ಹೋಗುತ್ತದೆ, ಬಿಸಿನೀರು ತಾನೇ ಬರುತ್ತದೆ. ಅಜ್ಜಿ ನನ್ನ ಗಲ್ಲ ಹಿಡಿದು, ಓದಿದ್ದು ಸಾರ್ಥಕವಾಯಿತು ಅಂದಳು. ನನ್ನ ಪದವಿಗೆ ಮನೆಯಲ್ಲಿ ಸಿಕ್ಕ ಮೊದಲ ಮನ್ನಣೆ ಅದು.

ಅದಾದ ಕೆಲವೇ ದಿನಗಳಲ್ಲಿ ಬಾಯ್ಲರ್ ಕೈಕೊಡಲು ಶುರುಮಾಡಿತು.

ಮೊದಲು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಬಚ್ಚಲಿನಿಂದ ಹಲ್ಲು ಕಟಕಟಿಸುತ್ತಾ ಬಂದು ಹಾಸಿಗೆಯಲ್ಲಿ ಮುದುಡಿಕೊಂಡಳು. ಸರಿಯಾಗಿ ಅದೇ ಹೊತ್ತಿಗೆ ತುರುವೇಕೆರೆಯಿಂದ ಅವಳ ಅತ್ತೆಯ ಫೋನು ಬಂತು. ಅಕ್ಕ ಮಾತಿನ ಮಧ್ಯೆ ಒಂದು ಸೀನು ಸೀನಿದಳು. ಅತ್ತೆಗೆ ಅಷ್ಟು ಸಾಕಾಯಿತು. ಫೋನು ಅಮ್ಮನ ಕೈಗೆ ಹೋಯಿತು.

"ನಮ್ಮನೇಲಿ ಸೋಲಾರ್ ಐತೆ ಕಣವ್ವ," ಅಂದರು ಅತ್ತೆ. "ಭಾನುವಾರ ಬತ್ತೀವಿ. ನಿಮಗೆ ನೀರಿಗೆ ತೊಂದ್ರೆ ಅನ್ನೋದಾದ್ರೆ ತಾಯಿ ಮಗು ಇಬ್ರನ್ನೂ ಕರ್ಕಂಡ್ ಹೋಗ್ತೀವಿ ಬುಡಿ. ಬೇಜಾರೇನಿಲ್ಲ."

ಬೇಜಾರೇನಿಲ್ಲ ಎಂಬ ಮಾತನ್ನು ಬೀಗಿತ್ತಿಯರು ಹೇಳುವ ರೀತಿ ಬೇರೆ. ತವರಿನಲ್ಲಿ ಬಿಸಿನೀರಿಗೆ ಗತಿಯಿಲ್ಲದೆ ಬಾಣಂತಿಯನ್ನು ಅವಧಿಗೆ ಮೊದಲೇ ಗಂಡನ ಮನೆಗೆ ಸಾಗಿಸಿದರು ಎಂಬ ಮಾತು ಒಮ್ಮೆ ಹುಟ್ಟಿದರೆ, ಅಮ್ಮ ಇನ್ನು ಯಾವ ಮದುವೆಮನೆಯಲ್ಲೂ ತಲೆಯೆತ್ತಿ ಕೂರುವಂತಿಲ್ಲ. ನನ್ನ ಚಿಂತೆ ಬೇರೆ. ನಾನು ಮಾತಾಡುವುದು ಕಡಿಮೆ. ಆಡುವ ಮಾತುಗಳೆಲ್ಲ ಬಹುತೇಕ ಅಕ್ಕನ ಪಾಲಿನವು. ಅವಳು ಮದುವೆಯಾಗಿ ಹೋದ ಮೇಲೆ ಕೂಡಿಟ್ಟುಕೊಂಡಿದ್ದ ಮಾತುಗಳನ್ನು ಈಗಷ್ಟೇ ಒಂದೊಂದಾಗಿ ಬಿಚ್ಚಲು ತೊಡಗಿದ್ದೆ. ಅವಳನ್ನು ಒಂದು ಸೋಲಾರ್‌ಗೆ ಬಿಟ್ಟುಕೊಡುವುದು ನನಗೆ ಒಪ್ಪಿಗೆ ಇರಲಿಲ್ಲ.

ಭಾನುವಾರದೊಳಗೆ ಬಾಯ್ಲರ್ ಸರಿ ಮಾಡುವುದು ನನ್ನ ಜವಾಬ್ದಾರಿ ಎಂದು ಘೋಷಿಸಿದೆ. ಯಾರೂ ವಿರೋಧಿಸಲಿಲ್ಲ. ಯಾರಾದರೂ ವಿರೋಧಿಸಬೇಕಿತ್ತು.

ಮನೆಯವರ ಅಭಿಪ್ರಾಯಗಳನ್ನು ಮೊದಲು ಆಲಿಸಿದೆ. ಅಪ್ಪನ ಪ್ರಕಾರ ಈಗಿನ ತಾಮ್ರವೇ ಸರಿಯಿಲ್ಲ. ಬಾಯ್ಲರ್ ನನಗಿಂತ ಹಳೆಯದು ಎಂದು ನೆನಪಿಸಿದ್ದಕ್ಕೆ, ಹಾಗಾದರೆ ಆಗಿನ ತಾಮ್ರವೂ ಸರಿಯಿಲ್ಲ ಅಂದರು. ಅಮ್ಮ ಹಿತ್ತಲಿನ ಹಳೇ ಹಂಡೆ ಹೂಡೋಣ ಅಂದಳು. ಅಜ್ಜಿ ಮಾತ್ರ ಒಂದು ಮುಖ್ಯ ಸಂಗತಿ ಗಮನಿಸಿದ್ದಳು: ಅಕ್ಕ ಬರುವ ಮೊದಲು ನೀರು ಸರಿಯಾಗಿತ್ತು, ಬಂದ ಮೇಲೆ ಕೆಟ್ಟಿತು. ಆದ್ದರಿಂದ ಮಗು ನೋಡಲು ಬಂದವರಲ್ಲಿ ಯಾರದೋ ಕಣ್ಣು ಮಗುವನ್ನು ಬಿಟ್ಟು ಬಾಯ್ಲರ್ ಮೇಲೆ ಬಿದ್ದಿದೆ. ಎರಡು ಸಂಗತಿ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂದು ನಾನು ಅಜ್ಜಿಗೆ ವಿವರವಾಗಿ ತಿಳಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಬಾಯ್ಲರ್ ಒಲೆಗೆ ಹಾಕಿದಳು. ಆ ಘಾಟಿಗೆ ಇಡೀ ಮನೆ ಕೆಮ್ಮಿತು. ಎಲ್ಲರ ಕೆಮ್ಮೂ ಸಂಜೆಗೆ ನಿಂತಿತು, ಅಜ್ಜಿಯದು ನಿಲ್ಲಲಿಲ್ಲ. ಎರಡು ದಿನ ಮುಸುಕು ಹಾಕಿಕೊಂಡು ಮಲಗಿಬಿಟ್ಟಳು. ಪಕ್ಕದ ಮನೆ ಶಾಂತಮ್ಮ ಬೆಳಿಗ್ಗೆ ಸಂಜೆ ಬೇಲಿಯ ಹತ್ತಿರ ಬಂದು, ಅಜ್ಜಿ ಹೆಂಗವ್ರೆ ಎಂದು ವಿಚಾರಿಸತೊಡಗಿದರು. ನಾನು ಪರವಾಗಿಲ್ಲ ಅನ್ನುತ್ತಿದ್ದೆ. ಮೆಣಸಿನಕಾಯಿಯ ಕಥೆ ಹೇಳಿದರೆ ಬಾಯ್ಲರ್ ಕಥೆ ಹೇಳಬೇಕು, ಬಾಯ್ಲರ್ ಕಥೆ ಹೇಳಿದರೆ ಬೀಗರ ಕಥೆ ಹೇಳಬೇಕು. ಮನೆಯ ವಿಷಯ ಮನೆಯಲ್ಲಿರಲಿ ಎನ್ನುವವಳು ನಾನು.

ಮೊದಲ ವೈಜ್ಞಾನಿಕ ಹೆಜ್ಜೆ ಅಳತೆ. ಮನೆಯಲ್ಲಿದ್ದ ಒಂದೇ ಅಳತೆಯ ಸಾಧನ ಮಗುವಿಗೆಂದು ತಂದಿದ್ದ ಜ್ವರದ ಥರ್ಮಾಮೀಟರು. ಮೂತಿಯ ಕೆಳಗೆ ಹಿಡಿದೆ. ಅದು ಎಚ್ ಎಂಬ ಒಂದಕ್ಷರ ತೋರಿಸಿ ಕಣ್ಣು ಮುಚ್ಚಿತು. ಮತ್ತೆ ತೆರೆಯಲಿಲ್ಲ. ಆ ದಿನ ನೀರು ಬಿಸಿ ಇತ್ತು ಎಂಬುದಷ್ಟೇ ಅದರ ಕೊನೆಯ ಹೇಳಿಕೆ.

ಎರಡನೆಯದು ಹೊಗೆಕೊಳವೆ. ಮಸಿ ಕಟ್ಟಿಕೊಂಡು ಗಾಳಿ ಎಳೆಯುತ್ತಿಲ್ಲ ಎಂದು ಊಹಿಸಿ, ಬಚ್ಚಲ ಹೆಂಚಿನ ಮೇಲೆ ಹತ್ತಿ ಒನಕೆಯಿಂದ ಹದವಾಗಿ ತಟ್ಟಿದೆ. ಹದ ಸ್ವಲ್ಪ ಜಾಸ್ತಿಯಾಯಿತು. ಒಳಗಿನ ಮಸಿಯೆಲ್ಲ ಮೇಲಿನಿಂದ ಹೊರಗೆ ಚಿಮ್ಮಿ, ಹಿತ್ತಲಲ್ಲಿ ಒಣಗಲು ಹಾಕಿದ್ದ ಮಗುವಿನ ಬಿಳೀ ಬಟ್ಟೆಗಳ ಮೇಲೆ ಇಳಿಯಿತು. ಕೊಳವೆಯ ತುದಿಯ ಬಾಗಿದ ಮೂತಿ ಕಳಚಿ ಕೈಗೆ ಬಂತು. ಅದನ್ನು ಮತ್ತೆ ಕೂರಿಸಿ ತಂತಿ ಬಿಗಿದೆ. ಬಹಳ ಭದ್ರವಾಗಿ ಬಿಗಿದೆ. ಯಾವ ದಿಕ್ಕಿಗೆ ಬಿಗಿದೆ ಎಂಬುದು ಆಗ ಮುಖ್ಯವೆನಿಸಲಿಲ್ಲ. ಅಮ್ಮ ಬಟ್ಟೆಗಳನ್ನು ಒಗೆದಳು, ಮಾತಾಡದೆ. ಮೌನದಲ್ಲಿ ಒಗೆಯುವ ಬಟ್ಟೆಯ ಸದ್ದು ಬಹಳ ದೊಡ್ಡದು.

ಇಷ್ಟಾದರೂ ನೀರು ತನ್ನಿಷ್ಟದಂತೆಯೇ ಇತ್ತು. ಆಗ ನನಗೆ ಹೊಳೆಯಿತು: ನಮ್ಮ ತಪ್ಪು ಮಾದರಿಯಲ್ಲಿದೆ. ಒಬ್ಬೊಬ್ಬರು ಒಂದೊಂದು ಹೊತ್ತಿನಲ್ಲಿ, ಒಂದೊಂದು ಅಳತೆಯಲ್ಲಿ ಸ್ನಾನ ಮಾಡಿ ಬಂದು ಬಿಸಿ ಇತ್ತು, ಬಿಸಿ ಇರಲಿಲ್ಲ ಅಂದರೆ ಅದು ಮಾಹಿತಿಯಲ್ಲ, ಗಾಳಿಮಾತು. ಒಂದೇ ಮಧ್ಯಾಹ್ನ, ಒಂದೇ ಉರಿಯಲ್ಲಿ, ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಸಮನಾಗಿ ತಲೆಗೆ ನೀರು ಹುಯ್ದುಕೊಳ್ಳಬೇಕು. ಆಗ ಬಾಯ್ಲರ್ ಎಲ್ಲಿ ಎಡವುತ್ತದೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಬುಧವಾರ ಗೊತ್ತುಮಾಡಿದೆ.

ಅಪ್ಪ ಒಪ್ಪಲಿಲ್ಲ.

"ಬುಧವಾರ ಮಟಮಟ ಮಧ್ಯಾಹ್ನ ತಲೆಗೆ ಹುಯ್ಕಳಕ್ಕೆ ನಂಗೇನು ಬಂದಿರೋದು?" ಅಂದರು.

ಹೆಂಗಸರು ಮಂಗಳವಾರ, ಶುಕ್ರವಾರ ತಲೆಗೆ ಹುಯ್ದುಕೊಳ್ಳುತ್ತಾರೆ. ಗಂಡಸರು ಶನಿವಾರ ಎಣ್ಣೆ ಹಚ್ಚುತ್ತಾರೆ. ಬುಧವಾರ ಹೊತ್ತಲ್ಲದ ಹೊತ್ತಿನಲ್ಲಿ ಇಡೀ ಮನೆ ತಲೆಗೆ ಹುಯ್ದುಕೊಳ್ಳುವುದು ನಮ್ಮ ಕಡೆ ಒಂದೇ ಒಂದು ಸಂದರ್ಭದಲ್ಲಿ. ಅಪ್ಪ ಅದನ್ನು ಹೇಳಲು ಬಾಯಿ ತೆರೆದಿದ್ದರೇನೋ. ಆದರೆ ಅಷ್ಟರಲ್ಲಿ ಅಮ್ಮ, ಭಾನುವಾರ ಮಗಳು ಹೊರಟು ಹೋದರೆ ನಿಮಗೇ ಸಮಾಧಾನವಾ ಎಂದು ಕಣ್ಣೊರೆಸಿಕೊಂಡಳು. ಅಪ್ಪ ಟವೆಲ್ ಹುಡುಕಲು ಹೋದರು.

ಊಟವಾದ ಮೇಲೆ ಬಾಯ್ಲರ್‌ಗೆ ಚಿಪ್ಪು ತುಂಬಿ ಉರಿ ಹಾಕಿದೆ. ಮೊದಲ ಸರದಿ ಅಜ್ಜಿಯದು. ಆರಂಭದಲ್ಲಿ ನೀರು ಸುಡುತ್ತಿತ್ತು, ಒಳಗಿನಿಂದ ಅಯ್ಯೋ ಅಪ್ಪಾ ಎಂದು ಕೂಗಿಕೊಂಡಳು. ಸ್ವಲ್ಪ ಹೊತ್ತಿಗೆ ಪೂರಾ ತಣ್ಣಗಾಯಿತು. ಹೊರಗೆ ಬಂದವಳು ತಲೆಗೂದಲಿಗೆ ಸಾಂಬ್ರಾಣಿ ಹೊಗೆ ಹಾಕಿಸಿಕೊಂಡು, ನಡುಮನೆಯಲ್ಲಿ ಬಿಳೀ ಧೋತಿಯೊಂದನ್ನು ಮುಸುಕು ಹಾಕಿಕೊಂಡು ಮಲಗಿದಳು. ಎರಡನೆಯವಳು ನಾನು. ನನ್ನ ಪಾಲಿಗೆ ತಣ್ಣೀರೇ ಬಂತು. ಇನ್ನಷ್ಟು ಮಟ್ಟೆ ತುರುಕಿ, ಅಪ್ಪನನ್ನು ಒಳಗೆ ಕಳಿಸುವ ಮೊದಲು ನೀರು ಕಾಯಲು ಬಿಟ್ಟು, ನಾನು ಕೂದಲು ಬಿಚ್ಚಿಕೊಂಡು ಜಗಲಿಯ ಮೆಟ್ಟಿಲ ಮೇಲೆ ಕೂತೆ. ಎರಡು ಮಾದರಿಗಳನ್ನು ಹೋಲಿಸುತ್ತಾ ಯೋಚನೆಯಲ್ಲಿ ಮುಳುಗಿದ್ದೆ. ಆಗ ಶಾಂತಮ್ಮ ಬೇಲಿಯ ಬಳಿ ಬಂದರು. ಒಮ್ಮೆ ನಮ್ಮ ಹೊಗೆಕೊಳವೆ ನೋಡಿದರು, ಒಮ್ಮೆ ನನ್ನ ಕೂದಲು ನೋಡಿದರು, ಒಮ್ಮೆ ಗಾಳಿಯಲ್ಲಿದ್ದ ಸಾಂಬ್ರಾಣಿಯನ್ನು ಮೂಸಿದರು.

"ಯಾಕವ್ವ, ಈ ಹೊತ್ತಲ್ಲಿ ತಲೆಗೆ ಹುಯ್ಕಂಡಿದೀಯ?"

"ಹುಯ್ಕೊಳ್ಳಲೇಬೇಕಾಗಿತ್ತು," ಅಂದೆ. ನಿಜವನ್ನೇ ಹೇಳಿದ್ದೆ, ಸಂಕ್ಷಿಪ್ತವಾಗಿ.

ಶಾಂತಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ಅಜ್ಜೀದು…?"

"ಆಯ್ತು. ಮೊದಲು ಅವರದೇ ಆಗಿದ್ದು."

"ಒದ್ದಾಡಿಬುಟ್ರಾ?"

"ಮೊದಲು ಸ್ವಲ್ಪ ಕೂಗಿಕೊಂಡರು. ಆಮೇಲೆ ತಣ್ಣಗಾಗೋಯ್ತು."

"ತಣ್ಣಗಾಯ್ತಲ್ಲ, ಅಷ್ಟೇ ಪುಣ್ಯ ಬುಡವ್ವ," ಎಂದು ಅವರು ಕಣ್ಣೊರೆಸಿಕೊಂಡರು. ನೀರು ತಣ್ಣಗಾಗುವುದರಲ್ಲಿ ಏನು ಪುಣ್ಯವೋ ನನಗೆ ತಿಳಿಯಲಿಲ್ಲ. ಆದರೆ ಅವರು ಇಷ್ಟು ಮರುಗುತ್ತಿರುವಾಗ ಒರಟಾಗಿರಬಾರದೆನಿಸಿ, ಎಂದಿಗಿಂತ ಎರಡು ಮಾತು ಹೆಚ್ಚಾಗಿಯೇ ಆಡಿದೆ.

"ಇನ್ನು ಅಪ್ಪಂದು ಬಾಕಿ ಇದೆ. ಅವರದಾದ ಮೇಲೆ ಅಮ್ಮಂದು. ಹೆಂಗಾದರೂ ಇವತ್ತೇ ಎಲ್ಲಾ ಮುಗಿಸಿಬಿಡಬೇಕು ಅಂತ."

ಶಾಂತಮ್ಮ ನನ್ನನ್ನು ಬಹಳ ಹೊತ್ತು ನೋಡಿದರು. ದುಃಖಕ್ಕೆ ಹುಡುಗಿಯ ತಲೆ ಕೆಟ್ಟಿದೆ ಎಂದು ಅವರು ಆಗ ಅಂದುಕೊಂಡರಂತೆ. ಬಿರಬಿರನೆ ಹೋದರು. ಮಾತು ಇಷ್ಟು ಬೇಗ ಮುಗಿದದ್ದಕ್ಕೆ ನನಗೆ ಸಂತೋಷವಾಯಿತು.

ಅಪ್ಪನ ಸ್ನಾನ ಅರ್ಧಕ್ಕೇ ನಿಂತಿತು. ಅವರಿಗೆ ಹೊಗೆಯ ವಾಸನೆ ಬಂತು, ತಲೆಯ ಮೇಲಿನಿಂದ. ತೊಟ್ಟಿಕ್ಕುವ ತಲೆಯಲ್ಲೇ, ಪಂಚೆ ಸುತ್ತಿಕೊಂಡು, ಟವೆಲ್ ಹೆಗಲಿಗೆ ಹಾಕಿಕೊಂಡು ಅಟ್ಟಕ್ಕೆ ಓಡಿದರು. ನಾನು ಭದ್ರವಾಗಿ ಬಿಗಿದಿದ್ದ ಹೊಗೆಕೊಳವೆಯ ಮೂತಿ ನೇರವಾಗಿ ಅಟ್ಟದ ಕಿಟಕಿಗೆ ಗುರಿಯಿಟ್ಟಿತ್ತು. ಅಟ್ಟದಲ್ಲಿದ್ದದ್ದು ಅಪ್ಪನ ಕೊಬ್ಬರಿಕಾಯಿ. ತಿಂಗಳುಗಟ್ಟಲೆ ಅಲುಗಿಸದೆ ಇಟ್ಟು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನುವ ಹದಕ್ಕೆ ಬಂದಿದ್ದವು. ಈಗ ಅವುಗಳ ಮೇಲೆ ಹಸಿಮಟ್ಟೆಯ ಹೊಗೆ ಮೋಡದ ಹಾಗೆ ಕೂತಿತ್ತು. ಅಪ್ಪ ನನಗೆ ಒಂದು ಮಾತೂ ಬೈಯಲಿಲ್ಲ. ಬೀದಿಗೆ ಬಂದು ನಿಂತು, ಕಾಯಿ ಸುಲಿಯುವ ಗುಂಪಿನ ಯಜಮಾನನಿಗೆ ಫೋನು ಮಾಡಿದರು. ಫೋನಿನಲ್ಲಿ ಅಪ್ಪನ ದನಿ ಯಾವಾಗಲೂ ಊರಿಗೇ ಕೇಳುವಂಥದ್ದು.

"ಬೇಗ ಬಾರಪ್ಪ, ನಾಲ್ಕು ಆಳು ಕರ್ಕಂಡು ಬಾ. ಅಟ್ಟ ನೋಡಬೇಕು. ಹೊತ್ತು ಮುಳುಗೋದ್ರೊಳಗೆ ಎತ್ತಲೇಬೇಕು. ಇಟ್ಕಂಡ್ರೆ ವಾಸನೆ ಬಂದ್ಬುಡ್ತದೆ."

ಹೇಳುತ್ತಾ ಹೇಳುತ್ತಾ ಅವರ ಗಂಟಲು ಕಟ್ಟಿತು. ವರ್ಷದ ಕೊಬ್ಬರಿ, ಕಟ್ಟದೆ ಏನು ಮಾಡೀತು. ಎದುರು ಮನೆಯವರು ಇದನ್ನೆಲ್ಲ ಕೇಳಿಸಿಕೊಂಡು ತಲೆತಗ್ಗಿಸಿದರು. ಅಪ್ಪ ಅಟ್ಟ ಅಂದದ್ದು ತಮಗೆ ಚಟ್ಟ ಎಂದೇ ಕೇಳಿಸಿತು ಎಂದು ಅವರು ಈಗಲೂ ಸಾಧಿಸುತ್ತಾರೆ.

ಮುಂದಿನ ಅರ್ಧ ಗಂಟೆಯಲ್ಲಿ ನಮ್ಮ ಮನೆ ಮುಂದೆ ಜನ ಸೇರಿದರು. ನಾನು ಅವರನ್ನು ನೋಡಿದ ಕೂಡಲೇ ಒಂದು ತೀರ್ಮಾನಕ್ಕೆ ಬಂದೆ: ಹೊಗೆ ಅವರ ಮನೆಗಳಿಗೂ ನುಗ್ಗಿದೆ, ಜಗಳಕ್ಕೆ ಬಂದಿದ್ದಾರೆ. ಮಾತು ಬೆಳೆಯುವ ಮೊದಲೇ ತಪ್ಪೊಪ್ಪಿಕೊಳ್ಳುವುದು ಸಭ್ಯತೆ. ಮೆಟ್ಟಿಲ ಮೇಲೆ ನಿಂತು, ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿ, ಇದೆಲ್ಲ ನನ್ನಿಂದಲೇ ಆದದ್ದು, ದಯವಿಟ್ಟು ಕ್ಷಮಿಸಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ಅಪ್ಪನ ತಪ್ಪಿಲ್ಲ, ಅಮ್ಮನಿಗೆ ಗೊತ್ತೇ ಇರಲಿಲ್ಲ ಎಂದೂ ಸೇರಿಸಿದೆ. ಮಟ್ಟೆ ಹಸಿ ಇದ್ದದ್ದರಿಂದ ಸರಿಯಾಗಿ ಸುಡಲಿಲ್ಲ, ಅದಕ್ಕೇ ಇಷ್ಟು ಹೊಗೆ ಎಂಬ ವಿವರವನ್ನೂ ಕೊಟ್ಟೆ. ಮುಂದೆ ನಿಂತಿದ್ದ ಹಿರಿಯರೊಬ್ಬರು ಎರಡು ಹೆಜ್ಜೆ ಹಿಂದಕ್ಕೆ ಹೋದರು. ಅಷ್ಟರಲ್ಲಿ ಗೂಡ್ಸ್ ಆಟೋವೊಂದು ಬಂದು ಪ್ಲಾಸ್ಟಿಕ್ ಕುರ್ಚಿಗಳನ್ನು ಇಳಿಸತೊಡಗಿತು. ಜಗಳಕ್ಕೆ ಬಂದವರು ಕುರ್ಚಿ ಯಾಕೆ ತಂದರು ಎಂಬ ಪ್ರಶ್ನೆ ನನಗೆ ಮೊದಲ ಬಾರಿಗೆ ಎದುರಾಯಿತು.

ಉತ್ತರ ಹಂದನಕೆರೆಯಿಂದ ಬಂತು. ಅದು ಅಜ್ಜಿಯ ತವರು. ಅಲ್ಲಿಂದ ಟೆಂಪೋದಲ್ಲಿ ಅವಳ ತಮ್ಮನ ಮನೆಯವರೆಲ್ಲ ಬಂದಿಳಿದರು. ಮುಂದಿದ್ದವರ ಕೈಯಲ್ಲಿ ಆಳುದ್ದದ ಹಾರ. ಇಳಿಯುತ್ತಲೇ ಹೆಂಗಸರು ರಾಗ ತೆಗೆದು ಅಳಲಾರಂಭಿಸಿದರು. ಅಳುವಿನ ನಡುವೆ ಅಜ್ಜಿಯ ಹೆಸರು ಕೇಳಿಸಿತು. ಆಗ, ಆಗಷ್ಟೇ, ಶಾಂತಮ್ಮನಿಗೆ ನಾನು ಕೊಟ್ಟ ಉತ್ತರಗಳೆಲ್ಲ ಸಾಲಾಗಿ ನನ್ನ ಕಣ್ಣ ಮುಂದೆ ಬಂದು ನಿಂತವು. ಅಪ್ಪಂದು ಬಾಕಿ ಎಂಬುದು ಸಾಲಿನ ಕೊನೆಯಲ್ಲಿತ್ತು.

ಬಾಯಿ ತೆರೆದೆ. ಅಭ್ಯಾಸವಿಲ್ಲದ ಬಾಯಿ, ಏನೂ ಹೊರಡಲಿಲ್ಲ.

ಗಲಾಟೆಗೆ ಎಚ್ಚರಗೊಂಡ ಅಜ್ಜಿ ಬಿಳೀ ಧೋತಿ ಹೊದ್ದುಕೊಂಡೇ ಹೊಸಿಲಿಗೆ ಬಂದಳು. ತನ್ನ ತವರಿನವರೆಲ್ಲ ಎದೆ ಬಡಿದುಕೊಂಡು ಅಳುತ್ತಿರುವುದನ್ನು ಕಂಡಳು. ಕೇಳುವುದೇನಿದೆ ಎಂದು ಅಲ್ಲೇ ಕುಸಿದು ಕೂತು, ಅವರೆಲ್ಲರಿಗಿಂತ ಒಂದು ಸ್ಥಾಯಿ ಮೇಲೆ ತಾನೂ ಶುರುಮಾಡಿದಳು. ಹಿಂದಿದ್ದವರಿಗೆ ಯಾರು ಅಳುತ್ತಿದ್ದಾರೆಂದು ಕಾಣಿಸದೆ ಅವರೂ ದನಿಗೂಡಿಸಿದರು. ಹೀಗೆ ಸ್ವಲ್ಪ ಹೊತ್ತು ಅಜ್ಜಿ ತನ್ನ ಸಾವಿಗೆ ತಾನೇ ಅತ್ತಳು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, ಪಕ್ಕದಲ್ಲಿ ಬಿಕ್ಕುತ್ತಿದ್ದ ಶಾಂತಮ್ಮನನ್ನು ಕೇಳಿದಳು.

"ಯಾರೇ ಹೋಗಿದ್ದು?"

"ನೀವೇ ಕಣಜ್ಜಿ," ಅಂದರು ಶಾಂತಮ್ಮ, ಅಳುತ್ತಲೇ. ಆಮೇಲೆ ತಿರುಗಿ ನೋಡಿದರು.

ಅಲ್ಲಿಂದ ಮುಂದಿನದನ್ನು ನಾನು ವಿವರಿಸಲಾರೆ. ಶಾಂತಮ್ಮನಿಗೆ ನೀರು ಕುಡಿಸಿದೆವು. ಟೆಂಪೋದವರು ಹಾರವನ್ನು ಸೀಟಿನ ಕೆಳಗೆ ಬಚ್ಚಿಟ್ಟರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಾಯ್ಲರ್, ಮಾದರಿ, ಬುಧವಾರ ಎಂದು ಬಿಡಿಬಿಡಿಯಾಗಿ ಹೇಳಿದೆ. ಅಜ್ಜಿಗೆ ಮಾತ್ರ ಕೋಪವಿರಲಿಲ್ಲ. ತಾನು ಎಷ್ಟು ಒಳ್ಳೆಯವಳೆಂದು ಅಳುವಿನಲ್ಲಿ ಯಾರ‍್ಯಾರು ಏನೇನು ಹಾಡಿದರು ಎಂದು ಮತ್ತೊಮ್ಮೆ ಹೇಳಿಸಿಕೊಳ್ಳುತ್ತಿದ್ದಳು. ತಮ್ಮನ ಹೆಂಡತಿ ಏನೂ ಹಾಡಿರಲಿಲ್ಲ ಎಂಬುದನ್ನೂ ಗಮನದಲ್ಲಿಟ್ಟುಕೊಂಡಳು.

ಎಲ್ಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ತುರುವೇಕೆರೆಯ ಕಾರು ಬಂತು.

ಭಾನುವಾರ ಬರಬೇಕಿದ್ದ ಅಕ್ಕನ ಅತ್ತೆ ಬುಧವಾರವೇ ಬಂದಿಳಿದರು, ಊದಿದ ಕಣ್ಣುಗಳೊಂದಿಗೆ. ಅಜ್ಜಿ ಎದುರಿಗೇ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಳು. ಅತ್ತೆ ಒಂದು ಕ್ಷಣ ಕಾರಿನ ಬಾಗಿಲು ಹಿಡಿದು ನಿಂತರು. ಅಮ್ಮ ಕೈಮುಗಿದು, ತಡವರಿಸುತ್ತಾ ಏನೋ ಸಮಜಾಯಿಷಿ ಹೇಳಿದಳು. ಒಳಕೋಣೆಯಿಂದ ಮಗು ಅತ್ತಿತು. ಮಗುವಿನ ದನಿ ಕೇಳಿ ಅತ್ತೆ ಎರಡು ಹೆಜ್ಜೆ ಮುಂದಿಟ್ಟವರು ಅಲ್ಲೇ ನಿಂತುಬಿಟ್ಟರು.

"ಸಾವಿನ ಮನೆಗೆ ಅಂತ ಹೊರಟು ಬಂದಿದೀನಿ. ದಾರಿಯುದ್ದಕ್ಕೂ ಅತ್ಕಂಡು ಬಂದಿದೀನಿ. ಹಂಗೇ ಹೋಗಿ ಕೂಸು ಮುಟ್ಟಕ್ಕಾಯ್ತದಾ? ತಲೆಗೆ ಹುಯ್ಕಳಕ್ಕೆ ಒಂದಿಷ್ಟು ಬಿಸಿನೀರು ಕೊಡಿ."

ಅಕ್ಕ ಕೋಣೆಯ ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತು ನನ್ನನ್ನೇ ನೋಡಿದಳು. ಭಾನುವಾರದವರೆಗೆ ಸಮಯವಿದೆ ಎಂದುಕೊಂಡಿದ್ದ ಪರೀಕ್ಷೆ ಈಗಲೇ, ಇಡೀ ಊರು ಕುರ್ಚಿ ಹಾಕಿಕೊಂಡು ಕೂತಿರುವಾಗ ನಡೆಯುವುದಿತ್ತು. ನಾನು ಒಲೆಗೆ ಕೈಗೆ ಸಿಕ್ಕ ಚಿಪ್ಪನ್ನೆಲ್ಲ ತುರುಕಿದೆ. ಯಾರೋ ಹೆಂಚು ಹತ್ತಿ ಹೊಗೆಕೊಳವೆಯ ಮೂತಿಯನ್ನು ಬಯಲಿನ ಕಡೆ ತಿರುಗಿಸಿದರು. ಅತ್ತೆ ಒಳಗೆ ಹೋಗಿ ಅಗಳಿ ಹಾಕಿಕೊಂಡರು. ನಾವೆಲ್ಲ ಬಾಗಿಲ ಹೊರಗೆ ಕಿವಿಗೊಟ್ಟು ನಿಂತೆವು. ನಲ್ಲಿ ತಿರುಗಿಸಿದ ಸದ್ದು. ನೀರು ಬಿದ್ದ ಸದ್ದು. ಆಮೇಲೆ ಒಂದು ಸಣ್ಣ ಚೀತ್ಕಾರ. ಬಿಸಿಯದಲ್ಲ, ಬಿಸಿಗೂ ತಣ್ಣಗಿನದಕ್ಕೂ ಚೀತ್ಕಾರದಲ್ಲಿ ವ್ಯತ್ಯಾಸವಿದೆ ಎಂದು ಆ ದಿನ ತಿಳಿಯಿತು.

ಆಮೇಲೆ ಒಳಗಿನಿಂದ ಪ್ರಶ್ನೆ ಬಂತು.

"ಈ ಹಸ್ರು ಪೈಪು ಯಾರು ಹಾಕಿದ್ದು?"

ಅಜ್ಜಿ ನನ್ನನ್ನು ನೋಡಿದಳು. ಅಪ್ಪ ಅಟ್ಟವನ್ನು ನೋಡಿದರು. ಅಮ್ಮ, ಜನ್ಮದಲ್ಲಿ ಸುಳ್ಳು ಹೇಳದವಳು, ಮೊದಲಿಂದಲೂ ಇತ್ತು ಬೀಗರೇ ಅಂದಳು.

"ಅದ್ಯಾವ ಬುದ್ವಂತ ಹಾಕಿದ್ನೋ," ಎಂದರು ಅತ್ತೆ. "ಬಾಯ್ಲರ್‌ಗೆ ಹಿಂಗೆ ಒಂದೇ ಸಮ ತಣ್ಣೀರು ಬುಟ್ರೆ ಉರಿ ಏನ್ ಮಾಡ್ತದೆ? ಟ್ಯಾಂಕ್ ತುಂಬಿದ್ರೆ ರಭಸ, ಇಲ್ದಿದ್ರೆ ನಿಧಾನ. ಚೊಂಬಲ್ಲಿ ಹುಯ್ಯದಲ್ವಾ ಇದು? ನಮ್ಮ ತವರಲ್ಲೂ ಇಂಥದೇ ಬಾಯ್ಲರ್ ಇತ್ತು."

ಪೈಪನ್ನು ಕಿತ್ತು ಮೂಲೆಗೆಸೆದ ಸದ್ದು ಕೇಳಿಸಿತು. ಆಮೇಲೆ ನಿಧಾನವಾಗಿ ಒಂದು ಚೊಂಬು ತಣ್ಣೀರು ಲಾಳಿಕೆಗೆ, ಒಂದು ಚೊಂಬು ಬಿಸಿನೀರು ಮೂತಿಯಿಂದ. ಮತ್ತೊಂದು ಒಳಕ್ಕೆ, ಮತ್ತೊಂದು ಹೊರಕ್ಕೆ. ಬಾಗಿಲ ಸಂದಿಯಿಂದ ಹಬೆ ಹೊರಬಂತು. ಅಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಎರಡು ಸಂಗತಿ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂದು ನಾನು ಬೋಧಿಸಿದ್ದನ್ನು ಅಜ್ಜಿ ಆ ಹೊತ್ತಿನಲ್ಲಿ ನೆನಪಿಸಲಿಲ್ಲ. ಎಲೆ ಅಡಿಕೆ ಜಗಿಯುತ್ತಾ ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ. ಅಷ್ಟರಲ್ಲೇ ನನಗೆ ಎರಡು ವರ್ಷದ ಪಠ್ಯ ಮತ್ತೊಮ್ಮೆ ಆಯಿತು.

ಅತ್ತೆ ಬಹಳ ಹೊತ್ತು ಸ್ನಾನ ಮಾಡಿದರು. ಹೊರಗೆ ಬಂದಾಗ ಮೈಯಿಂದ ಹಬೆ ಏಳುತ್ತಿತ್ತು, ಮುಖ ಕೆಂಪಗೆ ಅರಳಿತ್ತು. ಅವರನ್ನು ಕಂಡು, ತಾವೂ ಅತ್ತಿರುವುದು ಹಂದನಕೆರೆಯವರಿಗೆ ನೆನಪಾಯಿತು. ತನಗಾಗಿ ಅತ್ತವರು ಸ್ನಾನ ಮಾಡದೆ ಹೋದರೆ ತನಗೆ ಒಳ್ಳೆಯದಲ್ಲ ಎಂದು ಅಜ್ಜಿಯೂ ಪಟ್ಟು ಹಿಡಿದಳು. ಕುರ್ಚಿಗಳು ಬಚ್ಚಲ ಕಡೆ ತಿರುಗಿದವು. ಒಬ್ಬರಾದ ಮೇಲೊಬ್ಬರು ಹೋಗಿ ಬಂದರು. ಅಷ್ಟೂ ಜನಕ್ಕೂ ನೀರು ಒಂದೇ ಹದದಲ್ಲಿ ಸುಡುತ್ತಿತ್ತು. ನಾನು ಕನಸಿನಲ್ಲೂ ಕೇಳಿಕೊಳ್ಳದಷ್ಟು ದೊಡ್ಡ ಮಾದರಿ ತಾನಾಗಿ ಒದಗಿಬಂದಿತ್ತು. ನನ್ನ ಪಾತ್ರ ಒಲೆಗೆ ಚಿಪ್ಪು ಹಾಕುವುದು.

ಕತ್ತಲಾಗುವ ಮೊದಲು ಅತ್ತೆ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತೀರ್ಪು ಹೇಳಿದರು. ಸೋಲಾರ್ ನೀರಿಗೆ ಈ ಕಾವಿಲ್ಲ, ಮೈಗೆ ಹತ್ತುವುದಿಲ್ಲ, ಮೋಡವಾದರೆ ಅದೂ ಇಲ್ಲ. ಬಾಣಂತಿ ಇಲ್ಲೇ ಇರಲಿ. ಅಮ್ಮ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು. ನಾನು ಅಕ್ಕನ ಕಡೆ ನೋಡಿದೆ, ಅವಳು ನನ್ನ ಕಡೆ ನೋಡಿ ತುಟಿಯಂಚಿನಲ್ಲಿ ನಕ್ಕಳು. ಗೆದ್ದೆವು ಅಂದುಕೊಂಡೆ.

"ಆದ್ರೆ ಈ ಬಾಯ್ಲರ್‌ನ ನಿಮ್ಮ ಕೈಗೆ ಬುಟ್ಟು ಹೋಗಕ್ಕೆ ನಂಗೆ ಧೈರ್ಯ ಇಲ್ಲ," ಅಂದರು ಅತ್ತೆ. "ಬಾಣಂತನ ಮುಗಿಯೋಗಂಟ ನಾನೂ ಇಲ್ಲೇ ಇರ್ತೀನಿ."

ಇದ್ದಾರೆ. ಹಾಸಿಗೆಯನ್ನು ಅಕ್ಕನಿಗೂ ನನಗೂ ಮಧ್ಯೆ ಹಾಸಿಕೊಂಡಿದ್ದಾರೆ. ನಾನು ಅಕ್ಕನಿಗೆ ಏನಾದರೂ ಹೇಳಲು ಬಾಯಿ ತೆರೆದರೆ, ಮೊದಲು ತಾವು ಕೇಳಿಸಿಕೊಂಡು, ತಾವೇ ಉತ್ತರ ಹೇಳುತ್ತಾರೆ. ಬಚ್ಚಲಿನ ಅಧಿಕಾರವೂ ಅವರದೇ. ಅಜ್ಜಿ, ಅಕ್ಕ, ಮಗು, ಅಮ್ಮ, ಅಪ್ಪ, ಎಲ್ಲರಿಗೂ ಅವರವರ ಹೊತ್ತಿಗೆ ಸುಡುವ ನೀರು ಸಿಗುತ್ತದೆ. ಕೊನೆಯ ಸರದಿ ನನ್ನದು. ಬೆಳಿಗ್ಗೆ ಒಲೆಯ ಮುಂದೆ ಕೂತು ಮಟ್ಟೆ ಒಟ್ಟುತ್ತಾ, ಅತ್ತೆಯವರ ಪೆಟ್ಟಿಗೆಯ ಕಡೆ ಆಗಾಗ ನೋಡುತ್ತೇನೆ. ಅದು ಇನ್ನೂ ಮಂಚದ ಕೆಳಗೇ ಇದೆ.

ನಮ್ಮ ಮನೆಯಲ್ಲಿ ಈಗ ನೀರು ದಿನಾ ತಪ್ಪದೆ ಕಾಯುತ್ತದೆ. ನಾನೂ ಕಾಯುತ್ತಿದ್ದೇನೆ.